ಪೆಟ್ಟು ತಿಂದವರಿಗೇ ಯಾಕೆ ಉಪದೇಶ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ವಿಷಯ: ಅನ್ಯಾಯ ಮಾಡಿದವರನ್ನು ಕ್ಷಮಿಸುವುದು, ಸೇಡು ತೀರಿಸಿಕೊಳ್ಳದೆ ಇರುವುದು, ಇದರ ಬಗ್ಗೆ ಕ್ರೈಸ್ತ ಬೋಧನೆ. ಉತ್ತರ ಕೊಟ್ಟವರು ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಬಹಳ ವರ್ಷ ಸಭಾಪಾಲಕರಾಗಿದ್ದು ಈಗ ನಿವೃತ್ತರಾದವರು. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಅಯ್ಯನವರೇ, ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನಮ್ಮ ಸಭೆಯವರೇ ಒಬ್ಬರು ಮಗಳ ಮದುವೆಗೆ ಅಂತ ಎರಡು ಲಕ್ಷ ರೂಪಾಯಿ ಕೈಗಡ ತಗೊಂಡರು. ವಾಪಸ್ ಕೊಟ್ಟ ಚೆಕ್ ಬೌನ್ಸ್ ಆಯಿತು. ಕೇಳಿದರೆ ಇವತ್ತು, ನಾಳೆ ಅಂತಾರೆ. ವಕೀಲರ ಹತ್ರ ಹೋಗ್ತೀನಿ ಅಂದಾಗ ಸಭೆಯ ಹಿರಿಯರು ನನ್ನನ್ನೇ ಕರೆಸಿ, "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ಕೊಡು ಅಂದಿದ್ದಾನೆ ಯೇಸು, ಕೋರ್ಟಿಗೆ ಹೋಗಬ್ಯಾಡ" ಅಂದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋದೇ ಕ್ರೈಸ್ತ ಧರ್ಮವಾ?

ಉತ್ತರ: ಸಿಟ್ಟಿನಲ್ಲಿ ಕೇಳಿದ್ದೀರಿ. ಆದರೂ ಪ್ರಶ್ನೆ ಸರಿಯಾಗಿದೆ. ಮೊದಲು ಆ ಕೆನ್ನೆಯ ಮಾತನ್ನೇ ನೋಡೋಣ. ಬೈಬಲ್ ಮುಟ್ಟದವರಿಗೂ ಗೊತ್ತಿರುವ ಮಾತು ಅದು. ಎಲ್ಲಕ್ಕಿಂತ ಜಾಸ್ತಿ ತಪ್ಪಾಗಿ ಬಳಕೆಯಾಗುವ ಮಾತೂ ಅದೇ.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು "ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು" ಎಂಬ ಹಳೆಯ ಕಟ್ಟಳೆಯಿಂದ ಮಾತು ಶುರು ಮಾಡುತ್ತಾನೆ. ಬೈಬಲ್‌ನ ಹಳೆಯ ಭಾಗವಾದ ಮೋಶೆಯ ಧರ್ಮಶಾಸ್ತ್ರದಲ್ಲಿ ಇದು ಮೂರು ಕಡೆ ಬರುತ್ತದೆ. ಕೇಳಲಿಕ್ಕೆ ಕ್ರೂರ ಅನಿಸುತ್ತದೆ. ಆದರೆ ಅದು ಸೇಡಿಗೆ ಹಾಕಿದ ಬೇಲಿ. ಆದಿಕಾಂಡದ 4ನೇ ಅಧ್ಯಾಯದಲ್ಲಿ ಲೆಮೆಕ ಎಂಬವನು ತನಗೆ ಗಾಯ ಮಾಡಿದವನನ್ನು ಕೊಂದು, ನನ್ನ ಸೇಡು ಎಪ್ಪತ್ತೇಳು ಪಟ್ಟು ಅಂತ ಹೆಂಡಿರ ಮುಂದೆ ಜಂಬ ಕೊಚ್ಚುತ್ತಾನೆ. ಅಂಥ ಲೋಕಕ್ಕೆ ಧರ್ಮಶಾಸ್ತ್ರ ಹೇಳಿತು: ಒಂದು ಕಣ್ಣಿಗೆ ಒಂದೇ ಕಣ್ಣು, ಅದೂ ನ್ಯಾಯಾಧಿಪತಿಯ ಮುಂದೆ. ಯೇಸು ಅಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇಡಿನ ಲೆಕ್ಕವನ್ನೇ ಬಿಡು ಅನ್ನುತ್ತಾನೆ.

ಅಲ್ಲಿ ಅವನು ಬರೀ ಕೆನ್ನೆ ಅನ್ನುವುದಿಲ್ಲ, ಬಲಗೆನ್ನೆ ಅನ್ನುತ್ತಾನೆ. ಎದುರಿಗೆ ನಿಂತವನು ಬಲಗೈಯಿಂದ ನಿಮ್ಮ ಬಲಗೆನ್ನೆಗೆ ಹೊಡೆಯಬೇಕಾದರೆ ಕೈ ತಿರುಗಿಸಿ ಹಿಂಗೈಯಲ್ಲೇ ಹೊಡೆಯಬೇಕು. ಆ ಕಾಲದಲ್ಲಿ ಅದು ನೋವಿಗಿಂತ ಅವಮಾನ ಮಾಡುವ ಏಟು. ಯೆಹೂದಿಗಳ ಹಳೆಯ ಕಟ್ಟಳೆಗಳ ಗ್ರಂಥ ಮಿಷ್ನಾದಲ್ಲಿ ಕೆನ್ನೆಗೆ ಹೊಡೆದರೆ 200 ಜೂಜ್ (ಆ ಕಾಲದ ಬೆಳ್ಳಿ ನಾಣ್ಯ) ದಂಡ, ಹಿಂಗೈಯಿಂದ ಹೊಡೆದರೆ 400 ಅಂತ ಇದೆ. ಅವಮಾನಕ್ಕೆ ಡಬಲ್ ದರ! ಹಾಗೆ ಅವಮಾನ ಮಾಡಿದವನ ಮುಂದೆ ತಿರುಗಿ ಹೊಡೆಯಬೇಡ, ತಲೆ ತಗ್ಗಿಸಿ ಓಡಲೂಬೇಡ, ಎದುರಿಗೇ ನಿಲ್ಲು ಎಂದು ಯೇಸು ಹೇಳುತ್ತಿದ್ದಾನೆ ಅಂತ ಅನೇಕ ವಿದ್ವಾಂಸರು ಓದುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಯಾಕೆಂದರೆ ಯೇಸುವಿಗೇ ಕಪಾಳಕ್ಕೆ ಬಿದ್ದಾಗ ಅವನು ಸುಮ್ಮನಿರಲಿಲ್ಲ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಹೊಡೆದಾಗ, "ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು. ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ?" ಎಂಬ ಅರ್ಥದಲ್ಲಿ ನೇರವಾಗಿ ಕೇಳಿದ (ಯೋಹಾನ 18). ಕೈ ಎತ್ತಲಿಲ್ಲ, ಪ್ರಶ್ನೆ ಮಾತ್ರ ಬಿಡಲಿಲ್ಲ.

ಈಗ ಕೋರ್ಟಿನ ವಿಷಯ. ಸಭೆಯವರು ಕೋರ್ಟಿಗೆ ಹೋಗಬಾರದು ಅಂತ ನಿಮ್ಮ ಹಿರಿಯರು ಹೇಳಿದ್ದು, ಮೊದಮೊದಲ ಸಭೆಗಳಿಗೆ ಪತ್ರ ಬರೆದ ಪೌಲನ ಮಾತಿನ ಮೇಲೆ ಇರಬೇಕು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ "ನೀವೇ ಅನ್ಯಾಯ ಯಾಕೆ ಸಹಿಸಬಾರದು?" ಅಂತ ಪೌಲ ಕೇಳುವುದು ನಿಜ. ಅದು 7ನೇ ವಚನ. ಅದರ ಮುಂಚೆ 5ನೇ ವಚನದಲ್ಲಿ, ಸಹೋದರರ ವ್ಯಾಜ್ಯ ತೀರಿಸುವ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಅಂತ ಸಭೆಯನ್ನೇ ಬೈದಿದ್ದಾನೆ. 8ನೇ ವಚನದಲ್ಲಿ, ಸಹೋದರರಿಗೇ ಮೋಸ ಮಾಡ್ತೀರಲ್ಲ ಅಂತ ಮೋಸಗಾರರಿಗೆ ಬೈದಿದ್ದಾನೆ. ನಮ್ಮ ಹಿರಿಯರು ಮಧ್ಯದ ವಚನ ಒಂದನ್ನೇ ಎತ್ತಿ ದುಡ್ಡು ಕಳಕೊಂಡವನ ತಲೆ ಮೇಲೆ ಇಡುತ್ತಾರೆ. ಸಾಲ ತಗೊಂಡವರನ್ನು ಅವರು ಒಮ್ಮೆಯಾದರೂ ಕರೆಸಿದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ಯೇಸು ದಾರಿ ಕೊಟ್ಟಿದ್ದಾನೆ, ಮತ್ತಾಯ 18ರಲ್ಲಿ. ತಪ್ಪು ಮಾಡಿದ ಸಹೋದರನ ಹತ್ತಿರ ಒಬ್ಬನೇ ಹೋಗಿ ತಪ್ಪು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನೀವು ಮೊದಲನೆಯದನ್ನು ಮಾಡಿದ್ದೀರಿ. ಎರಡನೆಯದನ್ನು ಈ ವಾರವೇ ಮಾಡಿ. ಕೂತು ಮಾತಾಡಿ, ತಿಂಗಳಿಗೆ ಇಷ್ಟು ಅಂತ ಕಂತು ಬರೆಸಿಕೊಳ್ಳಿ.

ಆದರೆ ಮಾತುಕತೆ ನಡೀತಾ ಇದೆ ಅಂತ ಕಾನೂನಿನ ಗಡುವು ಕಳಕೊಳ್ಳಬೇಡಿ. ಚೆಕ್ ವಾಪಸ್ ಬಂತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ ಹಣ ಕೊಡಲು 15 ದಿನ ಇರುತ್ತದೆ. ಅಷ್ಟರಲ್ಲಿ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು. ದೂರು ಹಾಕಿದ ಮೇಲೂ ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳನ್ನು ತೆಗೆದುಕೊಳ್ಳುತ್ತಾರೆ. ನೋಟಿಸ್ ಕೊಡುವುದು ಸೇಡಲ್ಲ. "ನೀನು ನನ್ನ ದುಡ್ಡು ಕೊಡಬೇಕು" ಎಂಬ ನಿಜವನ್ನು ಕಾಗದದ ಮೇಲೆ ಹೇಳಿದ ಹಾಗೆ, ಅಷ್ಟೇ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವರ ಮಾನ ಹರಾಜು ಹಾಕುವುದು, ಮಗಳ ಅತ್ತೆ ಮನೆಗೆ ಫೋನ್ ಮಾಡಿ ಹೇಳುವುದು, ಅದು ಸೇಡು. ಅದನ್ನು ಮಾಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ವಾಪಸ್ ಬರುವ ಆಸೆ ಇಟ್ಟುಕೊಳ್ಳದೆ ಸಾಲ ಕೊಡಿ ಅಂತಲೂ ಯೇಸು ಹೇಳಿದ್ದಾನೆ (ಲೂಕ 6). ಇದನ್ನು ಮುಚ್ಚಿಟ್ಟು ನಾನು ಉತ್ತರ ಬರೆಯಲಾರೆ. ನಿಮ್ಮ ಕೈ ಗಟ್ಟಿ ಇದ್ದು, ಅವರ ಸ್ಥಿತಿ ನಿಜವಾಗಿ ಕೆಟ್ಟಿದ್ದರೆ, ಪೂರ್ತಿಯೋ ಅರ್ಧವೋ ಬಿಟ್ಟುಬಿಡುವ ದಾರಿ ನಿಮಗೆ ತೆರೆದೇ ಇದೆ. ಆದರೆ ಅದನ್ನು ತೀರ್ಮಾನ ಮಾಡಬೇಕಾದವರು ನೀವು, ಹಿರಿಯರಲ್ಲ. ಮತ್ತಾಯ 18ರ ಕಥೆಯಲ್ಲೇ ನೋಡಿ. ಒಬ್ಬ ಆಳು ಅರಸನಿಗೆ ಕೊಡಬೇಕಾಗಿದ್ದದ್ದು ಹತ್ತು ಸಾವಿರ ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಅಂದರೆ ಒಟ್ಟು ಆರು ಕೋಟಿ ದಿನದ ಕೂಲಿ! ಅಷ್ಟನ್ನು ಮನ್ನಾ ಮಾಡಿದ್ದು ಹಣ ಕಳಕೊಂಡ ಅರಸ. ಪಕ್ಕದಲ್ಲಿ ನಿಂತವರು ಯಾರೂ "ಬಿಟ್ಟುಬಿಡು" ಅಂತ ಅವನಿಗೆ ಉಪದೇಶ ಮಾಡಲಿಲ್ಲ.

ಪ್ರಶ್ನೆ: ನಾನು ಬ್ಯಾಡಗಿ ತಾಲೂಕಿನ ರೈತ. ನಮ್ಮ ಅಣ್ಣ ಬದು ಒತ್ತಿ ಎರಡು ಸಾಲು ಮೆಣಸಿನ ಗಿಡ ಹಚ್ಚುವಷ್ಟು ಜಾಗ ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದಾನೆ. ರಾತ್ರಿ ಟ್ರ್ಯಾಕ್ಟರ್ ಹೊಡೆದು ಬದು ಕಿತ್ತು ಹಾಕೋಣ ಅಂತಾನೆ ನನ್ನ ಮಗ. ಸುಮ್ನೆ ಬಿಡ್ರಿ, ಅಣ್ಣ ಅಲ್ವಾ, ಅಂತಾಳೆ ಮನೆಯವಳು. ಗಡಿ ಅಳೆಸಲು ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಣ್ಣನ ಮೇಲೆ ಹಗೆ ಸಾಧಿಸಿದ ಹಾಗೆ ಆಗುತ್ತಾ?

ಉತ್ತರ: ಆಗುವುದಿಲ್ಲ, ಅರ್ಜಿ ಹಾಕಿ. ನೆರೆಯವನ ಗಡಿಕಲ್ಲು ಸರಿಸಬೇಡ ಅಂತ ಬೈಬಲ್‌ನ ಧರ್ಮೋಪದೇಶಕಾಂಡದಲ್ಲೇ ಬರೆದಿದೆ. ಸರಿಸಿದವನಿಗೆ ಅದೇ ಪುಸ್ತಕದಲ್ಲಿ ಶಾಪವೂ ಇದೆ. ಅಳತೆ ಮಾಡಿಸುವುದರಲ್ಲಿ ಪಾಪ ಏನಿದೆ?

ಅರ್ಜಿ ಕೊಡುವ ಮುಂಚೆ ಅಣ್ಣನ ಮನೆಗೆ ಹೋಗಿ ನೀವೇ ಹೇಳಿ. ಹೇಗೂ ಅಕ್ಕಪಕ್ಕದ ಹೊಲದವರಿಗೆ ಸರ್ವೆಯ ನೋಟಿಸ್ ಬರುತ್ತದೆ. ಅದು ತಮ್ಮನ ಬಾಯಿಂದ ಮೊದಲು ತಿಳಿಯಲಿ. ಟ್ರ್ಯಾಕ್ಟರ್ ಮಾತ್ರ ಹೊರಗೆ ತೆಗೆಯಬೇಡಿ. ರಾತ್ರಿ ಬದು ಕಿತ್ತರೆ ಬೆಳಗಾಗುವ ಹೊತ್ತಿಗೆ ತಪ್ಪು ಮಾಡಿದವರು ಇಬ್ಬರಾಗುತ್ತೀರಿ, ಪೊಲೀಸ್ ಠಾಣೆಯಲ್ಲಿ ನಿಮ್ಮ ಮಗನ ಹೆಸರು ಇರುತ್ತದೆ.

ನಿಮ್ಮ ಮನೆಯವರ ಮಾತಿಗೂ ಬೈಬಲ್‌ನಲ್ಲಿ ಆಧಾರ ಇದೆ ಅನ್ನಬೇಕು. ಇಸಾಕನ ಆಳುಗಳು ಬಾವಿ ತೋಡಿದರು, ಗೆರಾರಿನ ಕುರುಬರು ನೀರು ನಮ್ಮದು ಅಂತ ಜಗಳಕ್ಕೆ ಬಂದರು. ಇನ್ನೊಂದು ತೋಡಿದರು, ಅದಕ್ಕೂ ಜಗಳ. ಅದನ್ನೂ ಬಿಟ್ಟು ಮುಂದೆ ಹೋಗಿ ಮೂರನೆಯದು ತೋಡಿದಾಗ ಯಾರೂ ಬರಲಿಲ್ಲ. ಇಸಾಕನಿಗೆ ಬಿಟ್ಟುಕೊಡುವ ಶಕ್ತಿ ಇತ್ತು, ಬಿಟ್ಟ. ನೀವೂ ಹಾಗೆ ಬಿಡುವುದಾದರೆ ಅಳತೆ ಆದ ಮೇಲೆ, ಇಷ್ಟು ಗುಂಟೆ ನನ್ನದು ಅಂತ ಗೊತ್ತಾದ ಮೇಲೆ ಬಿಡಿ. ಹೆದರಿ ಬಿಟ್ಟ ಹೊಲ ಮುಂದೆ ನಿಮ್ಮ ಮಗನ ಎದೆಯಲ್ಲಿ ಉಳಿಯುತ್ತದೆ.

ಪ್ರಶ್ನೆ: ಪಾಸ್ಟರ್, ನಾನು ಗದಗ-ಬೆಟಗೇರಿಯವಳು. ಗಂಡ ಕುಡಿದು ಬಂದು ಹೊಡೆಯುತ್ತಾರೆ. ಮರುದಿನ ಅತ್ತು ತಪ್ಪಾಯ್ತು ಅಂತಾರೆ. ಮತ್ತೆ ಹೊಡೀತಾರೆ. ಈಗ ದೊಡ್ಡ ಮಗಳ ಮೇಲೂ ಕೈ ಮಾಡಿದ್ದಾರೆ. ತವರಿಗೆ ಹೋಗ್ತೀನಿ ಅಂದರೆ ಅತ್ತೆಯವರೂ, ಪ್ರಾರ್ಥನಾ ಕೂಟದ ಅಕ್ಕಂದಿರೂ "ಏಳೆಪ್ಪತ್ತು ಸಲ ಕ್ಷಮಿಸು ಅಂತ ಬರೆದೈತಿ, ತಾಳ್ಕೋ" ಅಂತಾರೆ. ನಾನು ಎಷ್ಟು ಸಲ ಕ್ಷಮಿಸಬೇಕು?

ಉತ್ತರ: ತಾಯಿ, ಮೊದಲು ಮಕ್ಕಳನ್ನು ಕರಕೊಂಡು ಸುರಕ್ಷಿತವಾದ ಜಾಗಕ್ಕೆ ಹೋಗಿ. ಕ್ಷಮೆಯ ಪ್ರಶ್ನೆಯನ್ನು ಅಲ್ಲಿ ಕೂತು ಯೋಚಿಸೋಣ.

ತವರು ಹತ್ತಿರ ಇದ್ದರೆ ತವರು. ಇಲ್ಲದಿದ್ದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ. ಹೊಡೆಯುತ್ತಿರುವ ಹೊತ್ತಿನಲ್ಲಾದರೆ 112. ಕೌಟುಂಬಿಕ ಹಿಂಸೆಯಿಂದ ಹೆಣ್ಣುಮಕ್ಕಳನ್ನು ರಕ್ಷಿಸಲು 2005ರಲ್ಲೇ ಕಾಯ್ದೆ ಬಂದಿದೆ. ಹತ್ತಿರ ಬರಬಾರದು, ಹೊಡೆಯಬಾರದು ಅಂತ ಮ್ಯಾಜಿಸ್ಟ್ರೇಟರು ಅವರಿಗೆ ಆದೇಶ ಕೊಡಬಹುದು. ಆ ಮನೆಯಲ್ಲಿ ಇರುವ ಹಕ್ಕೂ ನಿಮಗೆ ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಆಸ್ಪತ್ರೆಗೆ ಹೋದರೆ ಬಿದ್ದೆ, ಜಾರಿದೆ ಅನ್ನಬೇಡಿ. ಆದದ್ದನ್ನು ಆದ ಹಾಗೆ ಹೇಳಿ, ಬರೆಸಿ.

ಇನ್ನು ಆ ಏಳೆಪ್ಪತ್ತು. ಮತ್ತಾಯ 18ರಲ್ಲಿ ಶಿಷ್ಯ ಪೇತ್ರ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಅಂತ ಕೇಳಿದ್ದಕ್ಕೆ ಯೇಸು ಕೊಟ್ಟ ಉತ್ತರ ಅದು. ಮೇಲೆ ಹೇಳಿದ ಲೆಮೆಕನ ಸೇಡಿನ ಲೆಕ್ಕವನ್ನು ಇಲ್ಲಿ ಯೇಸು ಉಲ್ಟಾ ಮಾಡಿದ್ದಾನೆ. ಆದರೆ ಆ ಅಕ್ಕಂದಿರು ಅದೇ ಅಧ್ಯಾಯವನ್ನು ಮೇಲಿನಿಂದ ಓದಲಿ. ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಬೀಸೋ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿದರೆ ಅವನಿಗೇ ಒಳ್ಳೆಯದು ಅಂತ ಯೇಸು ಗುಡುಗಿದ್ದು ಅಲ್ಲೇ. ತಪ್ಪು ಮಾಡಿದವನ ಎದುರು ಸಾಕ್ಷಿ ನಿಲ್ಲಿಸು, ಸಭೆಗೆ ಹೇಳು ಅಂದದ್ದೂ ಅಲ್ಲೇ. ಲೂಕ 17ರಲ್ಲಂತೂ ಸಾಲು ಇನ್ನೂ ಸ್ಪಷ್ಟ: ಸಹೋದರ ತಪ್ಪು ಮಾಡಿದರೆ ಗದರಿಸು, ಮನಸ್ಸು ತಿರುಗಿಸಿಕೊಂಡರೆ ಕ್ಷಮಿಸು. ಗದರಿಸುವ ಕೆಲಸ ಮೊದಲು ಬರುತ್ತದೆ. ನಿಮ್ಮ ಗಂಡನನ್ನು ಇಲ್ಲಿವರೆಗೆ ಗದರಿಸಿದವರು ಯಾರು? ನಮ್ಮ ಸಭೆಗಳ ದೊಡ್ಡ ರೋಗ ಇದು. ಹೊಡೆದವನ ಮನೆಗೆ ಯಾರೂ ಹೋಗುವುದಿಲ್ಲ. ಹೊಡೆಸಿಕೊಂಡವಳ ಮನೆಗೆ ನಾಲ್ಕು ಜನ ಬೈಬಲ್ ಹಿಡಕೊಂಡು ಹೋಗುತ್ತಾರೆ.

ಮನೆ ಬಿಟ್ಟು ಹೋದರೆ ಕ್ಷಮಿಸಲಿಲ್ಲ ಅಂತ ಆಗುತ್ತದೆಯೇ? ದಾವೀದನ ಕಥೆ ನೋಡಿ. ಸೌಲ ಅವನ ಹೆಣ್ಣು ಕೊಟ್ಟ ಮಾವ, ಅರಸ ಬೇರೆ. ತಲೆ ಕೆಟ್ಟಾಗಲೆಲ್ಲ ದಾವೀದನ ಮೇಲೆ ಈಟಿ ಎಸೆಯುತ್ತಿದ್ದ. ದಾವೀದ ತಿರುಗಿ ಎಸೆಯಲಿಲ್ಲ, ಗೋಡೆಗೆ ಆನಿಕೊಂಡು ನಿಲ್ಲಲೂ ಇಲ್ಲ. ಹೆಂಡತಿ ಕಿಟಕಿಯಿಂದ ಇಳಿಸಿದಳು, ರಾತ್ರೋರಾತ್ರಿ ಓಡಿದ. ಮುಂದೆ ಏಂಗೆದಿಯ ಗವಿಯಲ್ಲಿ ಸೌಲ ಕೈಗೆ ಸಿಕ್ಕ. ದಾವೀದ ಅವನ ಬಟ್ಟೆಯ ಅಂಚು ಕತ್ತರಿಸಿದ, ಕೊಲ್ಲಲಿಲ್ಲ. ಸೌಲ ಗಟ್ಟಿಯಾಗಿ ಅತ್ತ, ನೀನೇ ನನಗಿಂತ ನೀತಿವಂತ ಅಂದ. ಆಮೇಲೆ ಏನಾಯಿತು? ಸೌಲ ತನ್ನ ಮನೆಗೆ ಹೋದ, ದಾವೀದ ತನ್ನ ಕೋಟೆಗೆ ಹೋದ. ಸ್ವಲ್ಪ ದಿನಕ್ಕೆ ಸೌಲ ಮತ್ತೆ ಬೆನ್ನು ಹತ್ತಿದ! ಎರಡನೇ ಸಲ ದಾವೀದ ಅವನ ತಲೆದಿಂಬಿನ ಹತ್ತಿರ ಇದ್ದ ಈಟಿಯನ್ನೇ ಎತ್ತಿಕೊಂಡು ಬಂದ. "ಪಾಪ ಮಾಡಿದೆ, ಮಗನೇ ದಾವೀದ, ವಾಪಸ್ ಬಾ, ಇನ್ನು ಕೇಡು ಮಾಡುವುದಿಲ್ಲ" ಅಂತ ಸೌಲ ಕರೆದ. ದಾವೀದ ಏನು ಮಾಡಿದ ಗೊತ್ತಾ? ಈಟಿ ಇಲ್ಲಿದೆ, ಒಬ್ಬ ಆಳನ್ನು ಕಳಿಸಿ ತರಿಸಿಕೋ ಅಂದ. ತಾನು ಹೋಗಿ ಕೊಡಲಿಲ್ಲ, ಅರಮನೆಗೂ ಹೋಗಲಿಲ್ಲ. ಎರಡು ಸಲ ಕೊಲ್ಲದೆ ಬಿಟ್ಟ ದಾವೀದ ಒಂದು ಸಲವೂ ಆ ಮನೆಯ ಊಟಕ್ಕೆ ವಾಪಸ್ ಕೂಡಲಿಲ್ಲ. ಅವನು ಸೇಡು ತೀರಿಸಿಕೊಂಡ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ನಿಮ್ಮ ಗಂಡ ಅಳುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸೌಲನ ಅಳುವೂ ಸುಳ್ಳಿರಲಿಕ್ಕಿಲ್ಲ. ಅಳು ನಿಂತ ಮೇಲೆ ಏನು ಮಾಡಿದರು ಅನ್ನುವುದು ಮುಖ್ಯ. ಬೈಬಲ್‌ನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಬರೀ ತಪ್ಪಾಯ್ತು ಅನ್ನಲಿಲ್ಲ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ನಿಮ್ಮ ಗಂಡ ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಲಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲಿ, ತಿಂಗಳುಗಟ್ಟಲೆ ಕುಡಿಯದೆ ಇದ್ದು ತೋರಿಸಲಿ. ಅಷ್ಟರ ತನಕ ನೀವು ಅವರಿಗಾಗಿ ದೂರದಿಂದ ಪ್ರಾರ್ಥನೆ ಮಾಡಬಹುದು. ವಾಪಸ್ ಹೋಗುವುದೋ ಬಿಡುವುದೋ ಆಮೇಲಿನ ಮಾತು. ಅದನ್ನು ಅತ್ತೆಯವರು ತೀರ್ಮಾನ ಮಾಡುವಂತಿಲ್ಲ, ನಾನೂ ಮಾಡುವಂತಿಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಧಾರವಾಡದಲ್ಲಿ ಓದುವ ಹುಡುಗ. ಎಲ್ಲರೂ ಇನ್ನೊಂದು ಕೆನ್ನೆ ಕೊಡುತ್ತಾ ಹೋದರೆ ರೌಡಿಗಳದ್ದೇ ರಾಜ್ಯ ಆಗುವುದಿಲ್ಲವೇ? ಪೊಲೀಸರು ಯಾಕೆ ಬೇಕು ಹಾಗಾದರೆ?

ಉತ್ತರ: ಪೌಲನಿಗೂ ಈ ಪ್ರಶ್ನೆ ಹೊಳೆದಿರಬೇಕು. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ, ಯಾರಿಗೂ ಕೇಡಿಗೆ ಕೇಡು ಮಾಡಬೇಡಿ, ಹಸಿದ ವೈರಿಗೆ ಊಟ ಹಾಕಿ ಅನ್ನುತ್ತಾನೆ. 13ನೇ ಅಧ್ಯಾಯ ಶುರುವಾದ ಕೂಡಲೇ, ಅಧಿಕಾರಿ ಕತ್ತಿ ಹಿಡಿದಿರುವುದು ಸುಮ್ನೆ ಅಲ್ಲ, ಕೆಟ್ಟದ್ದು ಮಾಡುವವನನ್ನು ದಂಡಿಸಲಿಕ್ಕೆ ಅನ್ನುತ್ತಾನೆ. ಸೇಡು ನನ್ನ ಕೈಯಲ್ಲಿ ಬೇಡ, ನ್ಯಾಯ ಅದಕ್ಕಾಗಿ ಕೂತವರ ಕೈಯಲ್ಲಿ ಇರಲಿ ಅನ್ನುವುದು ಅದರ ಸಾರ. ಪೌಲ ಹಾಗೇ ನಡಕೊಂಡ ಕೂಡ. ಫಿಲಿಪ್ಪಿ ಊರಲ್ಲಿ ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿ, ಮರುದಿನ ಗುಟ್ಟಾಗಿ ಹೋಗು ಅಂದಾಗ ಅವನು ಒಪ್ಪಲಿಲ್ಲ. ರೋಮ್ ಪೌರರಾದ ನಮ್ಮನ್ನು ಎಲ್ಲರೆದುರು ಹೊಡೆಸಿದ ಅಧಿಕಾರಿಗಳು ತಾವೇ ಬಂದು ಹೊರಗೆ ಕರಕೊಂಡು ಹೋಗಲಿ ಅಂದ. ಅವರು ಬಂದರು, ಬೇಡಿಕೊಂಡರು.

ಮೆನ್ನೊನೈಟರಂಥ ಕೆಲವು ಕ್ರೈಸ್ತ ಪಂಗಡಗಳು ಸೈನ್ಯಕ್ಕೂ ಸೇರುವುದಿಲ್ಲ. ಉಳಿದ ಹೆಚ್ಚಿನ ಸಭೆಗಳು ಅಷ್ಟು ದೂರ ಹೋಗುವುದಿಲ್ಲ. ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿಗೆ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಕ್ಷಮೆಯಿಂದ ಕಾನೂನಿಗೆ ಅಡ್ಡಿಯಾಗಲಿಲ್ಲ. ಆ ಕಾನೂನಿನಿಂದ ಕ್ಷಮೆ ಸುಳ್ಳೂ ಆಗಲಿಲ್ಲ.

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ. ತಂದೆಯವರ ಮನೆಯಲ್ಲಿ ನನಗೆ ಬರಬೇಕಾದ ಪಾಲನ್ನು ನನ್ನ ತಮ್ಮ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡು ಹೊಡೆದುಕೊಂಡ. ಅವನು ತೀರಿಕೊಂಡು ಕೆಲವು ವರ್ಷವಾಯಿತು. ಕ್ಷಮಿಸಿದೆ ಅಂತ ದೇವರಿಗೆ ಹೇಳಿದ್ದೇನೆ, ಆದರೆ ಸಿಟ್ಟು ಹೋಗುತ್ತಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ "ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು" ಅನ್ನುವ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ಈಗ ಅವನ ಮಗಳ ಮದುವೆ ಕಾರ್ಡ್ ಬಂದಿದೆ. ಹೋಗಲೋ ಬೇಡವೋ?

ಉತ್ತರ: ಆ ಸಾಲು ಹಗುರ ಅಂತ ನಾನು ಹೇಳಲಾರೆ. ಪ್ರಾರ್ಥನೆ ಮುಗಿದ ಕೂಡಲೇ ಯೇಸು ಬೇರೆ ಯಾವ ಸಾಲನ್ನೂ ವಿವರಿಸದೆ ಅದೊಂದನ್ನೇ ಮತ್ತೆ ಎತ್ತಿ ಹೇಳುತ್ತಾನೆ (ಮತ್ತಾಯ 6). ಸುಮ್ನೆ ಬಾಯಿಪಾಠ ಹೇಳುವ ನಮ್ಮೆಲ್ಲರಿಗಿಂತ, ಅಲ್ಲಿ ತಡೆದು ನಿಲ್ಲುವ ನೀವು ಅದನ್ನು ಚೆನ್ನಾಗಿ ಕೇಳಿಸಿಕೊಂಡಿದ್ದೀರಿ.

ಆದರೂ ಆ ಸಾಲನ್ನು ಬಾಯಿ ಬಿಟ್ಟು ಹೇಳಿ. ಅದರ ಹಿಂದಿನ ಸಾಲು ದಿನದ ಆಹಾರದ ಬಗ್ಗೆ. ನಿನ್ನೆ ಉಂಡ ಊಟ ಇವತ್ತಿಗೆ ಸಾಲುವುದಿಲ್ಲ, ದಿನಾ ಕೇಳುತ್ತೇವೆ. ನಿನ್ನೆ ಕ್ಷಮಿಸಿದ್ದೂ ಇವತ್ತಿಗೆ ಸಾಲದೆ ಹೋಗಬಹುದು. ಸಿಟ್ಟು ಮತ್ತೆ ಬಂತು ಅಂದರೆ ಮೊದಲು ಕ್ಷಮಿಸಿದ್ದು ನಾಟಕ ಅಂತ ಅರ್ಥವಲ್ಲ. 55ನೇ ಕೀರ್ತನೆ ಓದಿ. ದೂಷಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ನೀನು ನನ್ನ ಗೆಳೆಯ, ದೇವರ ಮನೆಗೆ ಜೊತೆಗೆ ನಡೆದವನು ಅಂತ ಅಲ್ಲಿ ಒಬ್ಬ ಗೋಳಾಡುತ್ತಾನೆ. ಮುಂದೆ ಅವನು ಶಾಪವನ್ನೂ ಹಾಕುತ್ತಾನೆ. ಅದನ್ನು ಬೈಬಲ್‌ನಿಂದ ಯಾರೂ ತೆಗೆದುಹಾಕಿಲ್ಲ. ಸಿಟ್ಟನ್ನು ದೇವರ ಮುಂದೆ ಪೂರ್ತಿ ಹೇಳಿ, ಜನರ ಮುಂದೆ ಕಡಿಮೆ ಹೇಳಿ.

ಕೆಲವರು ನಿಮಗೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಒಂದಾಗು ಎಂಬ ವಚನ ತೋರಿಸಿರಬಹುದು. ಅದನ್ನು ಸರಿಯಾಗಿ ನೋಡಿ. ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಅಂತ ನೆನಪಾದರೆ ಹೋಗು ಅಂತ ಇದೆ. ಅಂದರೆ ನೋಯಿಸಿದವನು ಹೋಗಬೇಕು. ಅದು ನಿಮ್ಮ ತಮ್ಮ ಮಾಡಬೇಕಾಗಿದ್ದ ಕೆಲಸ, ಮಾಡದೆ ಹೋದ. ಅವನ ಪಾಲಿನ ಕೆಲಸವನ್ನು ನೀವು ಹೊರುವುದು ಬೇಡ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಧಾರಾಳವಾಗಿ ಹೋಗಿ.

ಮದುವೆಗೂ ಹೋಗಿ. ಸಹಿ ಹಾಕಿಸಿಕೊಂಡದ್ದು ಆ ಹುಡುಗಿ ಅಲ್ಲ. ಕಾರ್ಡ್ ಕಳಿಸಲಿಕ್ಕೆ ಆ ಮನೆಯಲ್ಲಿ ಯಾರಿಗೋ ಧೈರ್ಯ ಬೇಕಾಗಿತ್ತು. ಮನೆಯ ಪಾಲಿನ ಮಾತು ಆ ದಿನ ಯಾರು ಎತ್ತಿದರೂ "ಇವತ್ತು ಬೇಡ" ಅಂದುಬಿಡಿ. ಕಾನೂನಿನಲ್ಲಿ ಇನ್ನೂ ದಾರಿ ಇದೆಯಾ ಅಂತ ಕೇಳಬೇಕಿದ್ದರೆ ವಕೀಲರನ್ನು ಬೇರೆ ದಿನ ಕೇಳಿ, ಅದರಲ್ಲೂ ತಪ್ಪಿಲ್ಲ. ನಿಮ್ಮ ಮಕ್ಕಳನ್ನೂ ಕರಕೊಂಡು ಹೋಗಿ, ಅವರು ತಮ್ಮ ಸೋದರಮಾವನ ಮಕ್ಕಳ ಜೊತೆ ಮಾತಾಡಲಿ. ಊಟಕ್ಕೆ ಕೂಡುವಷ್ಟು ಮನಸ್ಸು ಗಟ್ಟಿ ಇಲ್ಲದಿದ್ದರೆ ಆರಾಧನೆ ಮುಗಿದ ಮೇಲೆ ಹುಡುಗಿಯ ತಲೆ ಮುಟ್ಟಿ ಆಶೀರ್ವಾದ ಮಾಡಿ, ಮುಯ್ಯಿ ಕೊಟ್ಟು ಮನೆಗೆ ಬನ್ನಿ.